ಇಬ್ಬಾಗಿಲಿನ ಹತ್ತೊಂಬತ್ತು ಮನೆಗಳು

ನಮ್ಮ ಹೊಳೆ ಕಡಲು ಸೇರುವ ಅಳಿವೆಯ ತೆಂಕಣ ದಂಡೆಯಲ್ಲಿ, ಮರಳುದಿಣ್ಣೆಯ ಮೇಲೆ, ಮೀನುಗಾರರ ಒಂದು ಕೇರಿ ಇದೆ. ಹತ್ತೊಂಬತ್ತು ಹಳೆಯ ಮನೆಗಳು, ಎಲ್ಲವೂ ಒಂದೇ ಸಾಲಿನಲ್ಲಿ. ಪ್ರತಿ ಮನೆಗೂ ಎದುರುಬದುರಾಗಿ ಎರಡು ಬಾಗಿಲು: ಒಂದು ಮೂಡಣಕ್ಕೆ, ರಸ್ತೆಯ ಕಡೆಗೆ, ಇನ್ನೊಂದು ಪಡುವಣಕ್ಕೆ, ಕಡಲಿನ ಕಡೆಗೆ. ಎರಡೂ ತೆರೆದಿದ್ದರೆ ರಸ್ತೆಯಲ್ಲಿ ನಿಂತವರಿಗೆ ಮನೆಯೊಳಗಿಂದ ನೀರು ಕಾಣುತ್ತದೆ. ಊರಿನ ಹೆಸರು ಇಬ್ಬಾಗಿಲು. ಮೊದಲು ಅದನ್ನು ಅಳಿವೆಕೇರಿ ಎಂದು ಕರೆಯುತ್ತಿದ್ದರಂತೆ. ಹೆಸರು ಬದಲಾದ ಕಥೆಯನ್ನು ನನಗೆ ಹೇಳಿದವಳು ಆ ಕೇರಿಯಲ್ಲಿ ಹುಟ್ಟಿದ ನನ್ನ ಹೆಂಡತಿ ಜಲಜಾಕ್ಷಿ. ನಡುವೆ ಮರೆತ ಒಂದೆರಡು ವಿವರಗಳನ್ನು ಕೇಳಿ ತಿದ್ದಿಕೊಳ್ಳೋಣವೆಂದರೆ ಈಗ ಅವಳಿಲ್ಲ. ಆದ್ದರಿಂದ ನೆನಪಿರುವಷ್ಟನ್ನೇ ಬರೆಯುತ್ತೇನೆ.

ಹಿಂದೆ ಒಮ್ಮೆ, ಕಾರ್ತಿಕ ಮಾಸದ ಒಂದು ಸಾಮಾನ್ಯ ದಿನ, ಹೆಂಗಸರು ಮರಳಿನ ಮೇಲೆ ಮೀನು ಹರವಿದ್ದರು, ಗಂಡಸರು ನೆರಳಿನಲ್ಲಿ ಕುಳಿತು ಬಲೆಯ ಹರುಕು ಹೆಣೆಯುತ್ತಿದ್ದರು. ಮಧ್ಯಾಹ್ನದ ಗಂಜಿ ಒಲೆಯ ಮೇಲಿತ್ತು. ಪಡುವಣದಿಂದ ಬಂದ ಚಂಡಮಾರುತ ಆ ಗಂಜಿ ಬೇಯಲು ಬಿಡಲಿಲ್ಲ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಕೇರಿಯಲ್ಲಿ ಒಂದು ಮನೆಯೂ ನಿಂತಿರಲಿಲ್ಲ. ಹನ್ನೊಂದು ಜನ ಸತ್ತರು, ದೋಣಿಗಳು ಒಡೆದವು. ಉಳಿದವರು ತೆಂಗಿನ ಗರಿ ಹೆಣೆದ ಮಡಲು ಕಟ್ಟಿಕೊಂಡು ಅದರ ಕೆಳಗೆ ಚಳಿಗಾಲ ಕಳೆದರು.

ಘಟ್ಟದ ಮೇಲೆ, ಬಯಲುಸೀಮೆಯಲ್ಲಿ ಹಗರಿಕೊಪ್ಪವೆಂಬ ಊರಿತ್ತು. ಅಳಿವೆಕೇರಿಯ ಒಣಮೀನು ಪ್ರತಿ ವರ್ಷ ಎತ್ತಿನ ಹೇರಿನಲ್ಲಿ ಅಲ್ಲಿಗೆ ಹೋಗುತ್ತಿತ್ತು. ಆ ವರ್ಷ ಹೋಗಲಿಲ್ಲ. ಏಕೆಂದು ವಿಚಾರಿಸಿದ ಅಲ್ಲಿನವರು ಸುದ್ದಿ ತಿಳಿದು, ಸುಗ್ಗಿ ಮುಗಿದ ಕೂಡಲೇ, ಯಾರೂ ಕರೆಯದೆ, ನಲವತ್ತೊಂದು ಜನ ಗಾಡಿಗಳಲ್ಲಿ ತಮ್ಮ ಜೋಳ ತಾವೇ ತುಂಬಿಕೊಂಡು ಘಟ್ಟ ಇಳಿದರು. ಅವರ ಹಿರಿಯ ದ್ಯಾಮಪ್ಪ, ಗೋಡೆ ಹಾಕುವುದರಲ್ಲಿ ಹೆಸರಾದವನು. ಅವರಲ್ಲಿ ಒಬ್ಬರೂ ಅದಕ್ಕೆ ಮೊದಲು ಕಡಲು ನೋಡಿದವರಲ್ಲ. ಎತ್ತುಗಳಿಂದ ಮಣ್ಣು ತುಳಿಸಿ, ಎರಡು ಅಡಿ ದಪ್ಪದ ಗೋಡೆಗಳನ್ನು ಎಬ್ಬಿಸಿದರು. ಗಾಳಿ ಪಡುವಣದಿಂದ ಬಂದಿತ್ತಲ್ಲ, ಆದ್ದರಿಂದ ಪಡುವಣದ ಗೋಡೆಯಲ್ಲಿ ಬಾಗಿಲಿರಲಿ, ಒಂದು ಕಿಂಡಿಯನ್ನೂ ಬಿಡಲಿಲ್ಲ. ಬಾಗಿಲೆಲ್ಲ ಮೂಡಣಕ್ಕೆ. "ಇನ್ನ ಆನಿ ಬಂದು ಗುದ್ದಿದ್ರೂ ಅಳ್ಳಾಡಂಗಿಲ್ಲ" ಎಂದು ದ್ಯಾಮಪ್ಪ ಗೋಡೆ ತಟ್ಟಿ ಹೇಳುತ್ತಿದ್ದನಂತೆ.

ಅದು ತಪ್ಪೆಂದು ಕೇರಿಯವರಿಗೆ ಎರಡನೆಯ ದಿನವೇ ತಿಳಿಯಿತು. ಅಳಿವೆಯ ಬಾಯಲ್ಲಿ ನೀರಿನಡಿ ಮರಳಿನ ಒಡ್ಡುಗಳಿವೆ; ನಡುವೆ ದೋಣಿ ನುಗ್ಗುವಷ್ಟು ಒಂದೇ ದಾರಿ. ಚಂಡಮಾರುತಕ್ಕೆ ಮೊದಲು, ಬಡಗಣ ತುದಿಯ ಮೊದಲ ಮನೆಯ ಪಡುಬಾಗಿಲು ಆ ದಾರಿಗೆ ನೇರವಾಗಿತ್ತು. ಸಂಜೆ ಆ ಮನೆಯ ಒಳಗೋಡೆಗೆ ತಾಗಿಸಿ ದೀಪ ಇಡುತ್ತಿದ್ದರು. ದೋಣಿ ಸರಿಯಾದ ದಾರಿಯಲ್ಲಿದ್ದರೆ ಬಾಗಿಲೊಳಗಿನ ದೀಪ ಕಾಣುತ್ತದೆ. ಎಡಕ್ಕೋ ಬಲಕ್ಕೋ ಸರಿದರೆ ಗೋಡೆ ಅದನ್ನು ಮರೆಮಾಡುತ್ತದೆ. ಹೊರಗೆ ಹಚ್ಚಿದ ಬೆಂಕಿ ಎಲ್ಲ ಕಡೆಗೂ ಕಾಣುವುದರಿಂದ ಅದು ದಾರಿ ಹೇಳುವುದಿಲ್ಲ. ಇದೆಲ್ಲ ಗೊತ್ತಿದ್ದೂ ಕೇರಿಯವರು ಬಾಯಿ ಬಿಡಲಿಲ್ಲ. ಬಲೆ ಎಳೆಯುವಾಗ, ಅದು ದಡ ಮುಟ್ಟುವ ತನಕ, ಹಗ್ಗ ಹಿಡಿದ ಯಾರಿಗೂ ತಪ್ಪು ಎತ್ತಿ ಹೇಳದಿರುವುದು ಅವರ ಕಟ್ಟಳೆ. ಮನೆ ಕಟ್ಟುವ ಕೈಗೂ ಅದನ್ನೇ ಅನ್ವಯಿಸಿದರು. ಮೊದಲ ಮನೆಯ ಬಚ್ಚಿ, ದೀಪ ಇಡುವ ಮುದುಕಿ, ಅವಳೂ ಸುಮ್ಮನಿದ್ದಳು.

ವೈಶಾಖದಲ್ಲಿ ಹತ್ತೊಂಬತ್ತನೆಯ ಮನೆಗೆ ಹುಲ್ಲು ಹೊದೆಸಿ ಮುಗಿಯಿತು. ಮೊದಲ ಮಳೆಗೆ ಬಿತ್ತನೆ ಮಾಡಬೇಕಾದ ಹಗರಿಕೊಪ್ಪದವರು ಮರುದಿನ ಹೊರಡುವವರಿದ್ದರು. ಅವರ ಊಟಕ್ಕೆ ಹಸಿಮೀನು ಬೇಕೆಂದು ಬಚ್ಚಿಯ ಮಗ ಮಾಸ್ತಿ ಹೊಸದಾಗಿ ಸರಿಪಡಿಸಿದ ದೋಣಿಗಳನ್ನು ಹೊರಡಿಸಿ ತಾನೂ ಹೋದನು. ಕೆಲವರು ನಾಲ್ಕು ದೋಣಿ ಎನ್ನುತ್ತಾರೆ. ಜಲಜಾಕ್ಷಿ ಮೂರು ಎನ್ನುತ್ತಿದ್ದಳು. ಮಧ್ಯಾಹ್ನಕ್ಕೆ ಬರಬೇಕಾದವರು ಬರಲಿಲ್ಲ. ಗಾಳಿ ಎದ್ದು, ಮೋಡ ಕವಿದು, ಹೊತ್ತಿಗೆ ಮುಂಚೆಯೇ ಕತ್ತಲಾಗತೊಡಗಿತು. ಅಳಿವೆಯ ಹೊರಗೆ ದೋಣಿಗಳು ದಾರಿ ಕಾಣದೆ ಸುತ್ತುತ್ತಿದ್ದವು. ಆಗ ಬಚ್ಚಿ ಗಾಡಿಗೆ ಹಗ್ಗ ಬಿಗಿಯುತ್ತಿದ್ದ ದ್ಯಾಮಪ್ಪನ ಹತ್ತಿರ ಹೋದಳು.

"ಅಣ್ಣಾ, ಮನಿ ಚೆಂದ ಆಯ್ತ್. ನನ್ ಮಗ ಯಾವ ಬಾಗ್ಲಲ್ ಬಪ್ಪುದ್?"

"ಯಾಕವ್ವಾ, ಬಾಗ್ಲ ಅಲ್ಲೇ ಐತಲ್ಲ?"

"ಅದ್ ನೆಂಟ್ರ್ ಬಪ್ಪು ಬಾಗ್ಲ್. ಅಂವ ಬಪ್ಪುದ್ ಕಡಲಿಂದ" ಎಂದು ಅವಳು ದೀಪದ ಸಂಗತಿ ಹೇಳಿದಳು.

ದ್ಯಾಮಪ್ಪ ಕೈಯಲ್ಲಿದ್ದ ಹಗ್ಗ ಬಿಟ್ಟನು. "ಮೂರು ತಿಂಗಳು ನಮ್ಮ ಕೂಡ ಕುಂತು ಉಂಡಿ. ಮೊದಲ ದಿನಾನ ಹೇಳಾಕ ಏನಾಗಿತ್ತಬೇ ಮುದುಕಿ?"

"ಕೆಲ್ಸ ಮಾಡು ಕೈಗೆ ನಾವ್ ಮಾತ್ ಹೇಳುದಿಲ್ಲ. ಈಗ ಕೆಲ್ಸ ಮುಗಿತಲ್ಲ."

ಅವನು ಹಾರೆ ಹಿಡಿದು ಮೊದಲ ಮನೆಯ ಒಳಗೆ ಹೋಗಿ, ತಾನೇ ಕಟ್ಟಿದ ಗೋಡೆಗೆ ಬಡಿದನು. ಗೋಡೆ ಬಗ್ಗಲಿಲ್ಲ. ಅವನ ತಮ್ಮ ಇನ್ನೊಂದು ಹಾರೆ ತಂದು, "ಆನಿಗೂ ಅಳ್ಳಾಡಂಗಿಲ್ಲ ಅಂದಿದ್ದೆಲ್ಲೋ ಅಣ್ಣಾ, ಈಗ ಆನಿ ಆಗು" ಎಂದು ಪಕ್ಕಕ್ಕೆ ನಿಂತನು. ಸರದಿಯ ಮೇಲೆ ನಲವತ್ತೊಂದು ಜನವೂ ಬಡಿದರು. ಕೈಗಳು ಬೊಬ್ಬೆ ಎದ್ದು ಒಡೆದವು. ತೂತು ಆಳೆತ್ತರ ಆಗುವ ತನಕ ಬಚ್ಚಿ ಕಾಯಲಿಲ್ಲ. ಬಗ್ಗಿ ದಾಟುವಷ್ಟಾದ ಕೂಡಲೇ "ಸಾಕು, ಸರೀರಿ" ಎಂದು ಎಲ್ಲರನ್ನೂ ಬದಿಗೆ ನಿಲ್ಲಿಸಿ ಎದುರಿನ ಮೂಡುಬಾಗಿಲು ಮುಚ್ಚಿ ಅದಕ್ಕೆ ತಾಗಿಸಿ ದೀಪ ಇಟ್ಟಳು. ದೀಪದ ಮುಂದೆ ಯಾರೂ ಸುಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ದೋಣಿ ಒಡ್ಡು ದಾಟಿ ಹೊಳೆಗೆ ಬಂತು. ಅದರ ಹಿಂದೆ ಇನ್ನೊಂದು. ಮಾಸ್ತಿಯ ದೋಣಿ ಕೊನೆಗೆ ಬಂತು. ಯಾರೂ ಸಾಯಲಿಲ್ಲ.

ಮರುದಿನ ಹಗರಿಕೊಪ್ಪದವರು ಗಾಡಿಗಳಿಂದ ಸಾಮಾನು ಇಳಿಸಿದರು. ಕಡಲು ಕಾಣದ ಮನೆ ಈ ಕೇರಿಯಲ್ಲಿ ಒಂದೂ ಇರಬಾರದೆಂದು ಇನ್ನೂ ಹನ್ನೊಂದು ದಿನ ನಿಂತು, ಉಳಿದ ಹದಿನೆಂಟು ಮನೆಗಳಿಗೂ ಪಡುಬಾಗಿಲು ಬಿಡಿಸಿ ಚೌಕಟ್ಟು ಕೂರಿಸಿದರು. ಆ ವರ್ಷ ಮೊದಲ ಮಳೆಗೆ ಅವರ ಹೊಲಗಳಲ್ಲಿ ಬಿತ್ತನೆಯಾಗಲಿಲ್ಲ. ಮೂಡುಬಾಗಿಲುಗಳನ್ನು ಮುಚ್ಚಿಕೊಡಲೇ ಎಂದು ದ್ಯಾಮಪ್ಪ ಕೇಳಿದಾಗ ಬಚ್ಚಿ, "ಮುಚ್ಚಿದ್ರೆ ನೀವ್ ಯಾವ ಬಾಗ್ಲಲ್ ಬಪ್ಪುದ್?" ಎಂದಳಂತೆ. ಅಂದಿನಿಂದ ಕೇರಿಗೆ ಇಬ್ಬಾಗಿಲು ಎಂಬ ಹೆಸರು ನಿಂತಿತು. ಬೇಸಿಗೆಯಲ್ಲಿ ಘಟ್ಟದ ಮೇಲಿನವರು ಯಾರೇ ಬರಲಿ, ಆ ಊರಿನಲ್ಲಿ ಅವರು ಊಟಕ್ಕೆ ಎಲ್ಲಿ ಹೋಗಲೆಂದು ವಿಚಾರಿಸಬೇಕಾಗಿಲ್ಲ.

ಅಳಿವೆಯ ಬಾಯಲ್ಲಿ ಈಗ ಕಂಬ ನಿಲ್ಲಿಸಿ ವಿದ್ಯುತ್ ದೀಪ ಹಾಕಿದ್ದಾರೆ. ಹುಲ್ಲಿನ ಮಾಡುಗಳು ಹೋಗಿ ಹೆಂಚು ಬಂದಿದೆ. ಈಚೆಗೆ ಅಲ್ಲಿ ಕಟ್ಟಿದ ಸಿಮೆಂಟಿನ ಮನೆಗಳಿಗೂ ಎರಡೇ ಬಾಗಿಲು. ನೋಡಲು ಬಂದವರು ಮೊದಲ ಮನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮನೆಯವರು ಅನುಮತಿ ಕೊಟ್ಟಿದ್ದರಿಂದ ಆ ಸಂಜೆ ಒಡೆದಂತೆಯೇ ಉಳಿಸಿಕೊಂಡಿರುವ ಅದರ ಪಡುಬಾಗಿಲಿನ ಎತ್ತರವನ್ನು ನಾನು ಅಳೆದಿದ್ದೇನೆ: ಎಡಬದಿ ನಾಲ್ಕು ಅಡಿ ಎರಡು ಅಂಗುಲ, ಬಲಬದಿ ನಾಲ್ಕು ಅಡಿ ಒಂಬತ್ತು ಅಂಗುಲ.