ಹತ್ತೊಂಬತ್ತು ತಿರುವುಗಳ ಗುಡ್ಡಕ್ಕೆ ಯಾವ ಗೇರು

“ಗುರುಗಳೇ, ಒಂದು ಕಾರಿಗೆ ಯಾವ ಡಿಫರೆನ್ಷಿಯಲ್ ಹಾಕಬೇಕು, ಗೇರಿನ ಅನುಪಾತ ಎಷ್ಟಿರಬೇಕು ಎಂದು ತಿಳಿಯುವುದು ಹೇಗೆ?” ಎಂದು ಇಂದುಧರ ಕೇಳಿದ.

ಅವನು ಸಾತಪ್ಪ ಮೇಸ್ತ್ರಿಗಳ ಬಳಿ ಎಂಟು ವರ್ಷ ಕೆಲಸ ಕಲಿತು, ಈಗಷ್ಟೇ ಸ್ವಂತ ಗ್ಯಾರೇಜು ತೆರೆದಿದ್ದ. ರೇಸಿಗೆ ಸಿದ್ಧ ಮಾಡಿಕೊಡಿ ಎಂದು ಒಬ್ಬ ಗಿರಾಕಿ ಕಾರು ತಂದು ನಿಲ್ಲಿಸಿದ್ದ. ಮೂರು ದಿನ ಕ್ಯಾಟಲಾಗು ಓದಿದರೂ ಇಂದುಧರನಿಗೆ ಏನೂ ತೀರ್ಮಾನವಾಗಿರಲಿಲ್ಲ. ಸಾತಪ್ಪನವರು ಕೈ ಒರೆಸಿಕೊಂಡು ಕುಳಿತರು. ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಗುಡ್ಡ ಹತ್ತುವ ರೇಸಿನ ಹುಚ್ಚು. ಆ ಗುಡ್ಡದ ರಸ್ತೆಗೆ ಹತ್ತೊಂಬತ್ತು ತಿರುವು. ವ್ಯಾಪಾರಿ ತನ್ನ ಹಳೆಯ ಕಾರಿನಲ್ಲಿ ಪ್ರತಿ ವರ್ಷ ಹತ್ತುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕುಳಿತು, ಮುಂದಿನ ತಿರುವು ಯಾವ ಕಡೆಗೆ, ಎಷ್ಟು ಕಡಿದು ಎಂದು ಪುಸ್ತಕ ನೋಡಿ ಕೂಗಿ ಹೇಳುತ್ತಿದ್ದಳು. ಆರು ವರ್ಷವೂ ಅವರೇ ಕಡೆಯವರು. ಆದರೂ ಗುಡ್ಡದ ಮೇಲೆ ಬುತ್ತಿ ಬಿಚ್ಚಿ, ಹೊಟ್ಟೆ ತುಂಬ ಉಂಡು, ನಗುನಗುತ್ತಲೇ ಮನೆಗೆ ಬರುತ್ತಿದ್ದರು.

ಏಳನೆಯ ವರ್ಷ ರೇಸು ನಡೆಸುವವರು ಹೊಸ ನಿಯಮ ತಂದರು. ಈ ಸಲ ಐದು ನಿಮಿಷದೊಳಗೆ ಹತ್ತಲಾರದವರಿಗೆ ಮುಂದಿನ ವರ್ಷದಿಂದ ಪ್ರವೇಶವಿಲ್ಲ. ವ್ಯಾಪಾರಿಯ ಅತಿ ಒಳ್ಳೆಯ ಓಟವೇ ಐದು ನಿಮಿಷ ಹನ್ನೊಂದು ಸೆಕೆಂಡು. ಅವನಿಗೆ ಅನ್ನ ಸೇರದಾಯಿತು.

ಕಾರಿನ ತೊಂದರೆ ಏನೆಂದು ಅವನಿಗೆ ಗೊತ್ತಿತ್ತು. ತಿರುವಿನಲ್ಲಿ ಕಾರು ವಾಲಿದಾಗ ಒಳಬದಿಯ ಹಿಂದಿನ ಚಕ್ರ ಹಗುರಾಗಿ, ಇದ್ದಲ್ಲೇ ಗಿರಗಿರನೆ ಸುತ್ತುತ್ತಿತ್ತು. ಎಂಜಿನ್ನಿನ ಬಲವೆಲ್ಲ ಅಲ್ಲೇ ಹಾಳು. ನೆಲ ಕಚ್ಚಿದ್ದ ಇನ್ನೊಂದು ಚಕ್ರಕ್ಕೆ ಏನೂ ಸಿಗುತ್ತಿರಲಿಲ್ಲ. ಇದಕ್ಕೆ, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ತೆಗೆದು ಲಿಮಿಟೆಡ್ ಸ್ಲಿಪ್ ಎಂಬ ಬಗೆಯದನ್ನು ಹಾಕಬೇಕು. ಅದು ಸುತ್ತುವ ಚಕ್ರವನ್ನು ಹಿಡಿದು, ಬಲವನ್ನು ಇನ್ನೊಂದು ಚಕ್ರಕ್ಕೂ ಕೊಡುತ್ತದೆ.

ವ್ಯಾಪಾರಿ ಹಿಂದಿನ ವರ್ಷ ಗೆದ್ದವನ ಮನೆಗೆ ಹೋದ. ಗೆದ್ದವನು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡದೆ ಹೇಳಿದ. ವ್ಯಾಪಾರಿ ಅದೇ ಡಿಫರೆನ್ಷಿಯಲ್ ಅನ್ನು ಅಷ್ಟೇ ಬಿಗಿಯಾಗಿ ಹಾಕಿಸಿದ. ಗೇರಿನ ಅನುಪಾತವನ್ನೂ ಅಷ್ಟೇ ಇಡಿಸಿದ. ಅಭ್ಯಾಸದ ದಿನ ಎರಡನೆಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಬಿಗಿ ಹೆಚ್ಚಾಗಿ ಹಿಂದಿನ ಚಕ್ರಗಳೆರಡೂ ಒಂದಾಗಿ ಕಾರನ್ನು ನೇರಕ್ಕೆ ತಳ್ಳಿದವು. ರಸ್ತೆಯಂಚಿನ ಹುಲ್ಲಿನ ಪೆಂಡಿಗಳೊಳಗೆ ಕಾರು ನುಗ್ಗಿ ನಿಂತಿತು. ಯಾರಿಗೂ ಏಟಾಗಲಿಲ್ಲ.

ಹೆಂಡತಿ ಹೆಲ್ಮೆಟ್ಟಿನ ಮೇಲಿನ ಹುಲ್ಲು ಕೊಡವಿಕೊಂಡು, “ರೀ, ನಾನು ಎಡಕ್ಕೆ ಅಂದಿದ್ದೆ” ಎಂದಳು.

ರೇಸಿಗೆ ಎಂಟೇ ದಿನ ಉಳಿದಿತ್ತು. ಇಬ್ಬರೂ ಕಾರನ್ನು ಒಬ್ಬ ಫಿಟ್ಟರನ ಬಳಿಗೆ ತಂದರು. ಫಿಟ್ಟರ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಸಾಹುಕಾರರೇ, ಗುಡ್ಡದ ಮೇಲೆ ನೀವು ಎಷ್ಟು ವೇಗ ಮುಟ್ಟುತ್ತೀರಿ?” ಎಂದು ಕೇಳಿದ.

“ನೂರ ನಲವತ್ತಕ್ಕೆ ಕಡಿಮೆ ಇಲ್ಲ” ಎಂದ ವ್ಯಾಪಾರಿ.

“ತೊಂಬತ್ತೆಂಟು,” ಎಂದಳು ಹೆಂಡತಿ. “ಅದೂ ಒಂದೇ ಸಲ, ಬ್ರೇಕ್ ಒತ್ತಲು ಮರೆತಾಗ.”

ಫಿಟ್ಟರ ಆಕೆಯ ಕಡೆ ತಿರುಗಿ ಕುಳಿತ. “ಇದನ್ನು ಹಾಕಿಸುವ ಮೊದಲು, ತಿರುವು ದಾಟಿದ ಮೇಲೆ ಏನಾಗುತ್ತಿತ್ತು ಅಕ್ಕಾ?”

“ಎರಡನೇ ಗೇರಿನಲ್ಲಿ ಎಂಜಿನ್ ಅರಚುತ್ತಿತ್ತು. ಮೂರಕ್ಕೆ ಹಾಕಿದರೆ ಮುನಿಸಿಕೊಂಡು ಮಲಗುತ್ತಿತ್ತು. ಇವರು ಬೈದುಕೊಂಡು ಮತ್ತೆ ಎರಡಕ್ಕೆ ಹಾಕುತ್ತಿದ್ದರು. ಹತ್ತೊಂಬತ್ತು ತಿರುವಿಗೂ ಬೈಗುಳ ಕೇಳಿದ್ದೇನೆ. ಇನ್ನು ಎಡ ತಿರುವಿನಲ್ಲಿ ನನ್ನ ಹಿಂದಿನ ಚಕ್ರ ಕೂಗುತ್ತಿತ್ತು, ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಮೇಲಿನ ನಾಲ್ಕು ತಿರುವಿನಲ್ಲಿ ರಸ್ತೆ ತುಂಬ ಜಲ್ಲಿಕಲ್ಲು. ಅಲ್ಲಿ ಇನ್ನೂ ಕಷ್ಟ.”

ಆಕೆ ಹೇಳುತ್ತಾ ಹೋದಳು, ಫಿಟ್ಟರ ಬರೆದುಕೊಳ್ಳುತ್ತಾ ಹೋದ. ವ್ಯಾಪಾರಿ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ತಾನು ಓಡಿಸುವ ಕಾರಿನ ವಿಷಯ ತನಗೇ ಇಷ್ಟು ಗೊತ್ತಿರಲಿಲ್ಲವೆಂದು ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು.

ಫಿಟ್ಟರ ಡಿಫರೆನ್ಷಿಯಲ್ ಬಿಚ್ಚಿ ಬಿಗಿಯನ್ನು ಅರ್ಧಕ್ಕೆ ಇಳಿಸಿದ. ಈಗ ಚಕ್ರ ಸುಮ್ಮನೆ ಸುತ್ತುವುದಿಲ್ಲ, ಕಾರು ತಿರುಗುವುದಕ್ಕೂ ಅಡ್ಡಿಯಿಲ್ಲ. ಹಿಂದಿನ ಆಕ್ಸಲ್ಲಿನ ಗೇರು ಬದಲಿಸಿ, ಮೂರನೇ ಗೇರಿನಲ್ಲಿ ಎಂಜಿನ್ ಎಳೆಯುವಂತೆ ಮಾಡಿದ.

“ಎಳೆತ ಹೆಚ್ಚಿಸಿದರೆ ವೇಗ ಇಳಿಯುತ್ತದೆ. ಕಾರು ಇನ್ನು ನೂರ ಇಪ್ಪತ್ತಕ್ಕಿಂತ ಮೇಲೆ ಹೋಗುವುದಿಲ್ಲ” ಎಂದ.

“ಜನ ನಗುತ್ತಾರಪ್ಪಾ!” ಎಂದ ವ್ಯಾಪಾರಿ.

“ಅಷ್ಟು ಹೋಗಿ ತೋರಿಸಿ, ಆಮೇಲೆ ನೋಡೋಣ” ಎಂದಳು ಹೆಂಡತಿ.

ರೇಸಿನ ದಿನ ಕಾರು ಮೊದಲ ತಿರುವು ದಾಟಿತು. ವ್ಯಾಪಾರಿ ಮೂರನೇ ಗೇರು ಹಾಕಿದ. ಎಂಜಿನ್ ಎಳೆಯಿತು. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಜಲ್ಲಿಯ ತಿರುವುಗಳಲ್ಲಿ ಎರಡೂ ಚಕ್ರಗಳು ನೆಲ ಕಚ್ಚಿದವು. ಹೆಂಡತಿಯ ಕೂಗಿಗೂ ಕಾರಿನ ಓಟಕ್ಕೂ ಮೊದಲ ಸಲ ಹೊಂದಿಕೆಯಾಯಿತು. ತುದಿಯಲ್ಲಿ ನಿಂತಾಗ ಸಮಯ ನೋಡುವವನು ಗಡಿಯಾರವನ್ನು ಎರಡು ಸಲ ನೋಡಿದ. ಗಂಡ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ನಾಲ್ಕು ನಿಮಿಷ ಐವತ್ತೇಳು ಸೆಕೆಂಡು” ಎಂದು ಅವನು ಕೂಗಿದ.

ಇಪ್ಪತ್ತೆರಡು ಕಾರುಗಳಲ್ಲಿ ಅವರದು ಹದಿನೇಳನೆಯದು. ವ್ಯಾಪಾರಿ ಮಾತ್ರ ಮೊದಲನೆಯವನಂತೆ ಕುಣಿದ. ಬುತ್ತಿ ಬಿಚ್ಚಿ ಗೆದ್ದವನಿಗೂ ಹೋಳಿಗೆ ತಿನ್ನಿಸಿದ. ಮುಂದಿನ ವರ್ಷದ ಪಟ್ಟಿಗೆ ಅಲ್ಲೇ ಹೆಸರು ಬರೆಸಿದ. ಹೆಂಡತಿಯ ಹೆಸರನ್ನು ಮೇಲೆ, ತನ್ನದನ್ನು ಕೆಳಗೆ.

ಕತೆ ಮುಗಿಯಿತು. ಇಂದುಧರ ನಕ್ಕ. ಆಮೇಲೆ ಯೋಚಿಸಿ, “ಆ ಫಿಟ್ಟರನ ಅದೃಷ್ಟ, ಹೇಳಲು ಆ ತಾಯಿ ಇದ್ದರು. ನನ್ನ ಗಿರಾಕಿ ಒಬ್ಬನೇ ಓಡಿಸುತ್ತಾನೆ ಗುರುಗಳೇ, ಪಕ್ಕದ ಸೀಟು ಖಾಲಿ. ನಾನು ಯಾರನ್ನು ಕೇಳಲಿ?” ಎಂದ.

ಸಾತಪ್ಪನವರು ಹೇಳಿದರು: “ಖಾಲಿ ಇದೆಯಲ್ಲ, ಹೋಗಿ ಕುಳಿತುಕೋ.”