ಮೇಷ್ಟ್ರ ಎಡಗಡೆ

“ಬುದ್ಧಿ, ಗುರುವಿಗೆ ಎಂದೂ ನೋವಾಗದ ಹಾಗೆ ನಡೆದುಕೊಂಡ ಶಿಷ್ಯನಿಗೆ ಕಲಿಯುವುದು ಇನ್ನೇನು ಬಾಕಿ ಉಳಿದಿರುತ್ತದೆ?”

ಹೀಗೆ ಕೇಳಿದವನು ಗುರುಮಲ್ಲ. ಮಠದಲ್ಲೇ ಓದಿ ಬೆಳೆದವನು. ಮಠದವರು ಬೇರೊಂದು ಊರಿನಲ್ಲಿ ನಡೆಸುವ ಶಾಲೆಗೆ ಪಾಠ ಹೇಳಲು ಮರುದಿನ ಹೊರಡುವವನಿದ್ದ. ಅಪ್ಪಣೆ ಪಡೆಯಲು ಸಂಜೆಯ ಪೂಜೆ ಮುಗಿದ ಮೇಲೆ ಸ್ವಾಮಿಗಳ ಮುಂದೆ ಬಂದು ಕುಳಿತಿದ್ದ. ಸ್ವಾಮಿಗಳಿಗೆ ವಯಸ್ಸಾಗಿತ್ತು. ಅವರ ಬಿಸಿನೀರು, ಅವರ ಔಷಧಿ, ಅವರ ವಿಶ್ರಾಂತಿ ಎಲ್ಲವನ್ನೂ ನೋಡಿಕೊಂಡವನು ಅವನೇ. ಭಕ್ತರು ಹೆಚ್ಚು ಹೊತ್ತು ಕುಳಿತರೆ ಮೆಲ್ಲಗೆ ಎಬ್ಬಿಸಿ ಕಳಿಸುತ್ತಿದ್ದವನೂ ಅವನೇ. ಅವನು ಕೇಳಿದ್ದರಲ್ಲಿ ಜಂಬವಿರಲಿಲ್ಲ, ಪ್ರೀತಿಯಿತ್ತು.

ಸ್ವಾಮಿಗಳು ನಕ್ಕರು. “ಒಂದು ಕತೆ ಹೇಳುತ್ತೇನೆ, ಕೇಳಿಕೊಂಡು ಹೋಗು,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಟೈಲರ್ ಇದ್ದ. ಹುಡುಗನಾಗಿದ್ದಾಗ ಹಾಸ್ಟೆಲಿನಲ್ಲಿ ಟೇಬಲ್ ಟೆನಿಸ್ ಕಲಿತಿದ್ದ. ಆ ಆಟ ಅವನಿಗೆ ಭಗವಂತ ಕೊಟ್ಟ ಪ್ರಸಾದ. ಪ್ರಸಾದವನ್ನು ಒಬ್ಬನೇ ತಿನ್ನಬಾರದು ಎಂದು ನಂಬಿದವನು ಅವನು. ಊರಿನ ಮಕ್ಕಳಿಗೆ ಆಟ ಕಲಿಸಲೆಂದು ಒಂದು ಸಂಘ ಕಟ್ಟಿದ. ಸಂಘಕ್ಕೆ ಒಬ್ಬ ರೇಷ್ಮೆಗೂಡಿನ ವ್ಯಾಪಾರಿ ಅಧ್ಯಕ್ಷ. ಟೈಲರ್ ಕಾರ್ಯದರ್ಶಿ. ಮಕ್ಕಳು ಸದಸ್ಯರು. ಒಂದು ಹಳೆಯ ಟೇಬಲ್ಲೇ ಆಸ್ತಿ. ವ್ಯಾಪಾರಿಯ ಮಳಿಗೆಯ ಮೇಲೆ ಉದ್ದನೆಯ ಒಂದು ಹಾಲ್ ಇತ್ತು. ಹಿಂದೆ ಅಲ್ಲಿ ಗೂಡು ತುಂಬಿಡುತ್ತಿದ್ದರು. ಅದನ್ನು ಅವನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದ. ಆ ಗೋಡೆಗಳಿಂದ ಇನ್ನೂ ಗೂಡಿನ ವಾಸನೆ ಹೋಗಿರಲಿಲ್ಲ. ಮಕ್ಕಳಿಗೆ ಅದೇ ಆಟದ ವಾಸನೆ.

ಟೈಲರಿಗೆ ಎಡಗಾಲಿನ ಮಂಡಿ ಸರಿಯಿರಲಿಲ್ಲ. ಎಂದೋ ಸೈಕಲ್ಲಿನಿಂದ ಬಿದ್ದದ್ದು, ನೆಟ್ಟಗೆ ಕೂಡಿಕೊಂಡಿರಲಿಲ್ಲ. ಹಗಲೆಲ್ಲ ಮಿಷನ್ ತುಳಿದು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿ ಹಾಲಿನ ಮೆಟ್ಟಿಲು ಹತ್ತುತ್ತಿದ್ದ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಟೇಬಲ್ಲಿನ ಒಂದು ಕಡೆ ತಾನೇ ನಿಲ್ಲುತ್ತಿದ್ದ. ಇನ್ನೊಂದು ಕಡೆಗೆ ಮಕ್ಕಳು ಸರದಿಯಲ್ಲಿ ಬಂದು ಅವನೊಡನೆ ಆಡಿ ಕಲಿಯುತ್ತಿದ್ದರು.

ಅಲ್ಲಿ ಒಂದು ಆಶ್ಚರ್ಯ ನಡೆಯುತ್ತಿತ್ತು. ಆಟಕ್ಕೆ ನಿಂತಷ್ಟು ಹೊತ್ತು ಅವನ ಕಾಲು ನೋಯುತ್ತಿರಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದ: “ಮಿಷನ್ ಮುಂದೆ ಕೂತರೂ ನೋವು, ಮಲಗಿದರೂ ನೋವು. ಆ ಮಕ್ಕಳ ಮುಂದೆ ನಿಂತರೆ ನೋವೇ ಇಲ್ಲ. ಭಗವಂತ ಬಂದು ಕಾಲು ಹಿಡ್ಕೊಳ್ತಾನೆ ಕಣೇ.”

ಹೆಂಡತಿ ಎಣ್ಣೆ ಕಾಯಿಸುತ್ತ, “ಹಿಡ್ಕೊಳ್ಳೋನು ಹಾಗೇ ಮನೇವರೆಗೂ ಬಂದು ಎಣ್ಣೇನೂ ಹಚ್ಚಿ ಹೋಗಿದ್ದರೆ ನನಗೂ ಕೆಲಸ ತಪ್ಪೋದು,” ಎನ್ನುತ್ತಿದ್ದಳು.

ಹಾಲಿನಲ್ಲಿ ಮಕ್ಕಳು ಬಹಳ ಚೆನ್ನಾಗಿ ಆಡುತ್ತಿದ್ದರು. ಅವರ ಕೈ ಪಳಗಿತ್ತು, ಕಣ್ಣು ಚುರುಕಾಗಿತ್ತು. ಚೆಂಡು ನೆಟ್ಟಿನ ಮೇಲೆ ಹೋಗುವುದು, ಬರುವುದು, ಮತ್ತೆ ಹೋಗುವುದು ನೋಡುವವರಿಗೆ ಹಬ್ಬ. ಆದರೆ ಹೊರಗಿನ ಊರಿಗೆ ಪಂದ್ಯಕ್ಕೆ ಹೋದರೆ ಮೊದಲ ಸುತ್ತಿನಲ್ಲೇ ಎಲ್ಲರೂ ಸೋತು ಬರುತ್ತಿದ್ದರು. ದೊಡ್ಡವರೂ ಸೋಲುತ್ತಿದ್ದರು, ಚಿಕ್ಕವರೂ ಸೋಲುತ್ತಿದ್ದರು. ವರ್ಷ ವರ್ಷವೂ ಹೀಗೇ ಆಯಿತು. ಟೈಲರಿಗೆ ಕಾರಣ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಮಕ್ಕಳ ಪಂದ್ಯ ಶುರುವಾಯಿತೆಂದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಮೂಲೆಯಲ್ಲಿ ಕುಳಿತು, ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆಯುತ್ತಿದ್ದ. ಚಪ್ಪಾಳೆ ಕೇಳಿದ ಮೇಲೆ ಕಣ್ಣು ತೆರೆಯುತ್ತಿದ್ದ. ಅಷ್ಟು ಹೊತ್ತಿಗೆ ಮಗು ಸೋತಿರುತ್ತಿತ್ತು.

ವ್ಯಾಪಾರಿ ಕೆಟ್ಟವನಲ್ಲ. ಆದರೂ ವ್ಯಾಪಾರಿ. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದ.

“ಏನ್ ಟೈಲರ್ರೇ, ಸೋಲೋದಕ್ಕೂ ಒಂದು ಕಪ್ಪು ಅಂತ ಇಟ್ಟಿದ್ದರೆ ನಮ್ಮ ಸಂಘಾನೇ ಹೊಡೀತಿತ್ತು, ಅಲ್ವಾ?”

“ಮಕ್ಕಳು ಚೆನ್ನಾಗೇ ಆಡ್ತಾವೆ ಸಾವ್ಕಾರ್ರೇ. ಯಾಕೋ ಹೊರಗೆ ಹೋದರೆ ಹೀಗಾಗುತ್ತೆ.”

“ಇಲ್ಲೇ ಆಡಿಕೊಂಡಿರೋದಾದರೆ ಕುಂಟೆಬಿಲ್ಲೆ ಆಡಲಿ, ಬೀದಿ ಇದೆ. ನನಗೆ ಗೂಡು ಇಡೋಕೆ ಜಾಗ ಸಾಲ್ತಾ ಇಲ್ಲ. ಜಿಲ್ಲಾ ಪಂದ್ಯ ಬರ್ತಾ ಇದೆಯಲ್ಲ, ಅಲ್ಲಿ ಒಂದು ಮಗು ಒಂದೇ ಒಂದು ಪಂದ್ಯ ಗೆದ್ದುಕೊಂಡು ಬರಲಿ, ಹಾಲ್ ನಿಮ್ಮದು. ಇಲ್ಲ ಅಂದರೆ ಗೂಡಿಗೆ.”

ಅಂದು ಟೈಲರಿಗೆ ಅನ್ನ ಸೇರಲಿಲ್ಲ. ಆ ಟೇಬಲ್ಲನ್ನು ಹಾಕಿ ಸುತ್ತ ಮಕ್ಕಳನ್ನು ನಿಲ್ಲಿಸುವಷ್ಟು ಜಾಗ ಊರಿನಲ್ಲಿ ಮತ್ತೆಲ್ಲೂ ಇರಲಿಲ್ಲ. ಹಾಲ್ ಹೋದರೆ ಸಂಘವೂ ಹೋದಂತೆಯೇ.

ಜಿಲ್ಲಾ ಪಂದ್ಯಕ್ಕೆ ಮೊದಲು ಪಕ್ಕದ ಊರಿನವರು ಒಂದು ಸ್ನೇಹ ಪಂದ್ಯ ಇಟ್ಟಿದ್ದರು. ಟೈಲರ್ ಮಕ್ಕಳನ್ನು ಕರೆದುಕೊಂಡು ಹೋದ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಸೋತರು. ಆ ಊರಿನ ಕೋಚ್ ತಮಾಷೆಯ ಮನುಷ್ಯ. ಬಂದು ಟೈಲರನ ಹೆಗಲ ಮೇಲೆ ಕೈ ಹಾಕಿದ.

“ಮೇಷ್ಟ್ರೇ, ನಿಮ್ಮ ಮಕ್ಕಳಷ್ಟು ಮರ್ಯಾದಸ್ತರನ್ನ ನಾನು ನೋಡಿಲ್ಲ ಬಿಡಿ. ಎದುರು ನಿಂತವರ ಬ್ಯಾಟಿಗೇ ಚೆಂಡು ತಂದು ಒಪ್ಪಿಸ್ತಾರೆ. ಮದುವೆ ಮನೇಲಿ ಬಡಿಸೋಕೆ ನಿಲ್ಲಿಸಿ, ಒಳ್ಳೇ ಹೆಸರು ತಗೋತಾರೆ.”

ಸುತ್ತ ನಿಂತವರು ನಕ್ಕರು. ಟೈಲರಿಗೆ ಆ ಮಾತು ಚುಚ್ಚಿತು. ಇನ್ನು ಒಂದು ಪಂದ್ಯ ಉಳಿದಿತ್ತು, ನೀಲಾ ಎಂಬ ಹುಡುಗಿಯದು. ಸಂಘದಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಬೇರೆ ಇರಲಿಲ್ಲ. ಟೈಲರ್ ಈ ಸಲ ಕಣ್ಣು ಮುಚ್ಚಲಿಲ್ಲ. “ಮಾದಪ್ಪಾ, ಇವತ್ತೊಂದು ದಿನ ನಿನ್ನನ್ನ ಕಣ್ಣು ಬಿಟ್ಟುಕೊಂಡೇ ನೆನೀತೀನಿ, ತಪ್ಪು ತಿಳ್ಕೋಬೇಡ,” ಎಂದು ಒಳಗೇ ಹೇಳಿಕೊಂಡು ನೋಡುತ್ತ ಕುಳಿತ.

ನೀಲಾ ಹೊಡೆದ ಚೆಂಡೆಲ್ಲ ಎದುರಾಳಿಯ ಬಲಗಡೆಗೇ ಹೋಗುತ್ತಿತ್ತು. ಎಡಗಡೆ ಅರ್ಧ ಟೇಬಲ್ ಖಾಲಿ ಬಿದ್ದಿತ್ತು. ಎದುರಾಳಿ ಬಲಗೈಯಲ್ಲಿ ಆಡುವವಳು. ಕಾಲನ್ನೂ ಕದಲಿಸದೆ ನಿಂತಲ್ಲೇ ನಿಂತು, ಬಂದದ್ದನ್ನೆಲ್ಲ ಬೀಸಿ ಹೊಡೆಯುತ್ತಿದ್ದಳು. ಪಂದ್ಯ ಮುಗಿಯುವವರೆಗೂ ನೀಲಾ ಒಂದು ಚೆಂಡನ್ನೂ ಎಡಕ್ಕೆ ಹಾಕಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಟೈಲರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಅಲ್ಲವ್ವ, ಎಡಗಡೆ ಅಷ್ಟೊಂದು ಜಾಗ ಬಿದ್ದಿತ್ತಲ್ಲ. ಅಲ್ಲಿಗ್ಯಾಕೆ ಒಂದೂ ಹಾಕಲಿಲ್ಲ?”

“ಎಡಕ್ಕೆ ಹಾಕಬಾರದಲ್ವಾ ಮೇಷ್ಟ್ರೇ?”

“ಯಾರು ಹೇಳಿದ್ದು?”

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಹಿಂದಿನ ಸೀಟಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೇ ಕಿಟಕಿಯ ಆಚೆ ನೋಡತೊಡಗಿದರು.

“ಹೇಳವ್ವ, ಬೈಯಲ್ಲ.”

“ಎಡಕ್ಕೆ ಹಾಕಿದರೆ ನಿಮಗೆ ಕಾಲು ನೋಯುತ್ತೆ ಮೇಷ್ಟ್ರೇ. ನಾನು ಸೇರಿದ ದಿವಸಾನೇ ದೊಡ್ಡೋರು ಹೇಳಿಕೊಟ್ಟರು. ಚಪ್ಪಲಿ ಹೊರಗೆ ಬಿಡು, ಮೇಷ್ಟ್ರ ಎಡಕ್ಕೆ ಹಾಕಬೇಡ ಅಂತ. ನಾನೂ ಚಿಕ್ಕೋರಿಗೆ ಹಾಗೇ ಹೇಳಿದೀನಿ. ಎಲ್ಲರಿಗೂ ಅದೇ ರೂಢಿ. ನಿಮಗೆ ಗೊತ್ತಾಗಬಾರದು ಅಂತಾನೂ ಇತ್ತು.”

ಇಷ್ಟು ವರ್ಷ ತನ್ನ ಕಾಲು ಹಿಡಿದುಕೊಂಡಿದ್ದ ಭಗವಂತನ ಕೈ ಎಂಥದು ಎಂದು ಟೈಲರಿಗೆ ಆಗ ತಿಳಿಯಿತು. ಅದು ಒಂದು ಕೈಯಲ್ಲ, ಹತ್ತಾರು ಸಣ್ಣ ಕೈಗಳು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಎಂಥ ಭಕ್ತಿ, ಬುದ್ಧಿ!” ಎಂದ ಗುರುಮಲ್ಲ. ಅವನ ಕಣ್ಣೂ ತೇವವಾಗಿತ್ತು.

“ಭಕ್ತಿಯೇ. ಅದರಲ್ಲಿ ಸಂಶಯವಿಲ್ಲ,” ಎಂದರು ಸ್ವಾಮಿಗಳು. “ಆದರೆ ಹಾಲ್ ಹೋಗುವುದರಲ್ಲಿತ್ತಲ್ಲ.” ಮತ್ತೆ ಕತೆ ಮುಂದುವರಿಸಿದರು.

ಮರುದಿನ ಟೈಲರ್ ತಾನು ಪಕ್ಕಕ್ಕೆ ಸರಿದು ಮಕ್ಕಳನ್ನು ಒಬ್ಬರೆದುರು ಒಬ್ಬರನ್ನು ನಿಲ್ಲಿಸಿ ನೋಡಿದ. ಪ್ರಯೋಜನವಾಗಲಿಲ್ಲ. ರೂಢಿ ಕೈಯೊಳಗೇ ಇಳಿದಿತ್ತು. ಯಾರ ಎದುರು ನಿಂತರೂ ಚೆಂಡು ಬಲಕ್ಕೇ ಹೋಗುತ್ತಿತ್ತು. ಎಲ್ಲಿ ಕಟ್ಟಿಕೊಂಡ ಗಂಟೋ ಅಲ್ಲಿಯೇ ಬಿಚ್ಚಬೇಕು ಎಂದು ಅವನಿಗೆ ತಿಳಿಯಿತು. ತಾನೇ ಬ್ಯಾಟು ಹಿಡಿದು ಟೇಬಲ್ಲಿನ ಮುಂದೆ ನಿಂತ.

“ನೀಲಾ, ಬಾ. ನನ್ನ ಎಡಕ್ಕೆ ಹಾಕು.”

ನೀಲಾ ಹಾಕಿದಳು. ಚೆಂಡು ಮೆಲ್ಲಗೆ ಬಂದು ಅವನ ಬ್ಯಾಟಿನ ಹತ್ತಿರವೇ ಬಿತ್ತು.

“ಹೂ ಏರಿಸೋಕೆ ಇದೇನು ಗುಡಿಯಾ? ಹೊಡಿ.”

“ಆಗಲ್ಲ ಮೇಷ್ಟ್ರೇ.” ಅವಳು ಬ್ಯಾಟನ್ನು ಟೇಬಲ್ಲಿನ ಮೇಲೆ ಇಟ್ಟುಬಿಟ್ಟಳು. ಉಳಿದ ಮಕ್ಕಳು ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತರು.

ಟೈಲರ್ ಟೇಬಲ್ ಸುತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ.

“ನೋಡವ್ವ, ನನ್ನ ಕೈ ಎಲ್ಲೀವರೆಗೆ ಹೋಗುತ್ತೆ, ಎಲ್ಲಿಗೆ ಹೋಗಲ್ಲ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎದುರು ನಿಂತವರನ್ನ ಹಾಗೆ ತಿಳ್ಕೊಳ್ಳೋದು ಎಷ್ಟೋ ಆಟಗಾರರಿಗೆ ಜನ್ಮವೆಲ್ಲ ಆಡಿದರೂ ಬರಲ್ಲ. ಅದು ಇಡೀ ಆಟದ ಗುಟ್ಟು. ನೀವು ಅದನ್ನ ನನ್ನ ಮೇಲಿನ ಪ್ರೀತಿಗೆ ಕಲಿತುಬಿಟ್ಟಿದ್ದೀರಿ. ಕಲಿತದ್ದನ್ನ ನನ್ನ ಮುಂದೇನೇ ಬಚ್ಚಿಟ್ಟರೆ ಇನ್ಯಾರ ಮುಂದೆ ತೆಗೀತೀರಿ?”

“ನಿಮಗೆ ನೋವಾದರೆ?”

“ಆಗಲಿ. ನಿನಗೆ ಬಂತು ಅಂತ ನನಗೆ ಹೇಗೆ ಗೊತ್ತಾಗಬೇಕು ಮತ್ತೆ?”

ನೀಲಾ ಅಳುತ್ತಲೇ ಹೊಡೆದಳು. ಚೆಂಡು ಎಡಮೂಲೆಗೆ ಬಿದ್ದು ಸಿಡಿಯಿತು. ಟೈಲರ್ ಕಾಲು ಚಾಚಿದ. ಬ್ಯಾಟು ತಲುಪಲಿಲ್ಲ. ಮಂಡಿಯೊಳಗೆ ಸೂಜಿ ಆಡಿದಂತಾಗಿ ಟೇಬಲ್ಲಿನ ಅಂಚು ಹಿಡಿದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ಕುಂಟುತ್ತ ಹೋಗಿ, ಗೋಡೆಯ ಬುಡದಲ್ಲಿದ್ದ ಚೆಂಡನ್ನು ಎತ್ತಿ ಕಣ್ಣಿಗೊತ್ತಿಕೊಂಡು ಬಂದ.

“ಇನ್ನೊಂದು,” ಎಂದ.

ಅಂದಿನಿಂದ ಒಬ್ಬೊಬ್ಬರೇ ಬಂದು ಹೊಡೆದರು. ಮೊದಮೊದಲು ಹೊಡೆದ ಮೇಲೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಆಮೇಲೆ ಅದೂ ನಿಂತಿತು. ಟೈಲರನ ಮನೆಯಲ್ಲಿ ಎಣ್ಣೆಯ ಖರ್ಚು ಹೆಚ್ಚಾಯಿತು.

“ಎಲ್ಲಿ ಹೋದ ನಿಮ್ಮ ಕಾಲು ಹಿಡಿಯೋ ಭಗವಂತ?” ಎಂದಳು ಹೆಂಡತಿ.

“ಕಾಲು ಬಿಟ್ಟ ಕಣೇ. ಆಟ ಕಲಿಯೋಕೆ ಶುರುಮಾಡಿದಾನೆ,” ಎಂದ ಟೈಲರ್.

ಜಿಲ್ಲಾ ಪಂದ್ಯ ಬಂತು. ವ್ಯಾಪಾರಿಯೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತ. ಅಂದೂ ಮಕ್ಕಳು ಒಬ್ಬೊಬ್ಬರಾಗಿ ಸೋತರು. ಕಡೆಗೆ ನೀಲಾ ಉಳಿದಳು. ಅವಳು ಕಲಿತದ್ದನ್ನು ಚಾಚೂ ತಪ್ಪದೆ ನಡೆಸಿದಳು. ಎಲ್ಲವನ್ನೂ ಎಡಕ್ಕೇ ಹೊಡೆದಳು. ಆದರೆ ಎದುರಾಳಿ ಎಡಗೈಯಲ್ಲಿ ಆಡುವವಳು. ಅವಳಿಗೆ ಅದೇ ಬೇಕಾಗಿತ್ತು. ಮೊದಲನೆಯ ಗೇಮ್ ಹೋಯಿತು. ವ್ಯಾಪಾರಿ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಬಿಡುವಿನಲ್ಲಿ ಟೈಲರ್ ಹುಡುಗಿಯ ಬೆವರು ಒರೆಸಿದ.

“ನನ್ನ ಎಡ ಮರೆತುಬಿಡವ್ವ. ಅದು ನನ್ನದು, ಅವಳದಲ್ಲ. ನನ್ನನ್ನ ನೋಡ್ತಿದ್ದೆಯಲ್ಲ, ಅಷ್ಟೇ ಪ್ರೀತಿಯಿಂದ ಆ ಹುಡುಗೀನೂ ನೋಡು. ಅವಳಿಗೆ ಎಲ್ಲಿ ಕಷ್ಟ?”

ನೀಲಾ ತಿರುಗಿ ನೋಡಿದಳು. “ನೆಟ್ ಹತ್ತಿರ ಬಗ್ಗೋದಕ್ಕೆ ಕಷ್ಟಪಡ್ತಾಳೆ ಮೇಷ್ಟ್ರೇ. ಉದ್ದ ಇದಾಳೆ, ಪಾಪ.”

“ಪಾಪ ಅಂದುಕೊಂಡೇ ಹಾಕು.”

ನೀಲಾ ಚೆಂಡನ್ನು ನೆಟ್ಟಿನ ಪಕ್ಕದಲ್ಲೇ ಇಳಿಸತೊಡಗಿದಳು. ಉದ್ದನೆಯ ಹುಡುಗಿ ಬಗ್ಗಿ ಬಗ್ಗಿ ಸೋತಳು. ಆ ಪಂದ್ಯ ನೀಲಾಳದಾಯಿತು. ಮುಂದಿನ ಸುತ್ತಿನಲ್ಲಿ ಅವಳು ಸೋತಳು.

ಬಾಗಿಲ ಹತ್ತಿರ ನಿಂತೇ ನೋಡುತ್ತಿದ್ದ ವ್ಯಾಪಾರಿ, “ಒಂದೇನಾ?” ಎಂದ.

“ಒಂದು ಅಂತ ನೀವೇ ಅಂದದ್ದು ಸಾವ್ಕಾರ್ರೇ.”

“ಅಂದಿದ್ದೆ, ಅಂದಿದ್ದೆ,” ಎಂದು ಅವನು ನೀಲಾಳ ತಲೆ ಸವರಿದ. ಎಲ್ಲ ಮಕ್ಕಳಿಗೂ ಕಬ್ಬಿನಹಾಲು ಕುಡಿಸಿದ. ಗೂಡಿನ ಮಾತು ಮತ್ತೆ ಎತ್ತಲಿಲ್ಲ.

ಅಂದಿನಿಂದ ಆ ಹಾಲಿನಲ್ಲಿ ಟೈಲರ್ ಗೆದ್ದದ್ದು ಕಡಿಮೆ. ಮಕ್ಕಳ ಕೈಯಲ್ಲಿ ಚೆನ್ನಾಗಿ ಸೋತು, ಕುಂಟುತ್ತ ಮನೆಗೆ ಬಂದ ದಿನ ಅವನಷ್ಟು ಸಂತೋಷದಿಂದ ಉಂಡವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲ ಕೈಮುಗಿದು ಕೇಳಿದ: “ಟೈಲರಿಗೆ ಮಂಡಿ ನೋವಿತ್ತು ಬುದ್ಧಿ, ಮಕ್ಕಳು ಅದನ್ನು ಕಾಪಾಡಿದರು. ನಿಮ್ಮ ವಿಷಯದಲ್ಲಿ ನಾನು ಹಾಗೆ ಕಾಪಾಡಿದ್ದು ಏನನ್ನು?”

ಸ್ವಾಮಿಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಇಷ್ಟು ವರ್ಷ ನನಗೆ ಉತ್ತರ ಗೊತ್ತಿರುವುದನ್ನೇ ಕೇಳುತ್ತ ಬಂದೆಯಲ್ಲಪ್ಪ, ನಾಳೆ ಹೊರಡುವ ಮೊದಲು ನನಗೆ ಗೊತ್ತಿಲ್ಲದ್ದೊಂದನ್ನು ಕೇಳು.”