ಚರ್ಚಿನ ನಡುತೊಲೆ

“ಗುರುಗಳೇ, ಸಭೆಯ ಒಗ್ಗಟ್ಟು ಕೆಡಬಾರದೆಂದು ಒಂದು ಮಾತನ್ನು ಹೇಳದೆ ಉಳಿಸಿಕೊಂಡರೆ ಅದು ತಪ್ಪೇ?”

ಕೇಳಿದವನು ಜೀವರತ್ನ. ಹಳ್ಳಿಯೊಂದರ ಸಣ್ಣ ಕ್ರೈಸ್ತ ಸಭೆಯನ್ನು ನಡೆಸಲು ಹೋಗಿ ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಪಾಠ ಹೇಳಿದ್ದ ಹಿರಿಯ ಸಭಾಪಾಲಕ ದಾನಿಯೇಲಪ್ಪನವರು ಆ ಮಾತು ಯಾವುದೆಂದು ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಮೂವತ್ತು ಮನೆಗಳ ಸಭೆಯಿತ್ತು. ಅದಕ್ಕೊಬ್ಬ ಪಾಲಕನಿದ್ದ. ಮುಂಗಾರಿಗೆ ಮುಂಚೆ, ಒಂದು ಶನಿವಾರ, ಚರ್ಚಿನ ಒಡೆದ ಹಂಚುಗಳನ್ನು ಬದಲಾಯಿಸಲು ಅವನು ಬಡಗಿಯನ್ನು ಕರೆಸಿದ. ಮೇಲೆ ಹತ್ತಿದ ಬಡಗಿ ಸ್ವಲ್ಪ ಹೊತ್ತಿಗೇ ಇಳಿದು ಬಂದು ಪಾಲಕನನ್ನು ಗೋಡೆಯ ಮರೆಗೆ ಕರೆದ.

“ಅಯ್ಯನವರೇ, ನಡುತೊಲೆಯನ್ನು ಗೆದ್ದಲು ತಿಂದಿದೆ. ಮೇಲೆ ಮಾತ್ರ ಮರ, ಒಳಗೆಲ್ಲ ಮಣ್ಣು. ಉಳಿ ಒತ್ತಿದರೆ ಹಿಡಿಯವರೆಗೂ ಹೋಯಿತು.”

“ಎಷ್ಟು ದಿನ ತಡೆದೀತು?”

“ಯಾರು ಹೇಳಬಲ್ಲರು? ಹಂಚು ನೆನೆದು ಭಾರವಾದರೆ ನಾನಂತೂ ಅದರ ಕೆಳಗೆ ನಿಲ್ಲುವುದಿಲ್ಲ.”

ತೊಲೆಗಿಂತ ಹೆಚ್ಚಾಗಿ ಪಾಲಕ ಹೆದರಿದ್ದು ಜನರಿಗೆ. ಆ ತೊಲೆಯನ್ನು ಸಭೆಯ ಹಿರಿಯನಾದ ಒಬ್ಬ ವ್ಯಾಪಾರಿ ತನ್ನ ತಾಯಿಯ ನೆನಪಿಗೆಂದು ಕೊಟ್ಟಿದ್ದ. ಇನ್ನೊಬ್ಬ ಹಿರಿಯ, ಒಬ್ಬ ರೈತ, ಮರ ಇನ್ನೂ ಹಸಿಯಾಗಿದೆ, ಏರಿಸಬೇಡಿ ಎಂದಿದ್ದ. ಆ ಒಂದು ಮಾತಿಗೆ ಸಭೆ ಎರಡು ಪಾಲಾಗಿತ್ತು. ಒಂದು ಕಡೆಯವರ ಮನೆಯಲ್ಲಿ ಸಾವಾದರೂ ಇನ್ನೊಂದು ಕಡೆಯವರು ಹೆಗಲು ಕೊಡಲು ಬರುತ್ತಿರಲಿಲ್ಲ. ಪಾಲಕ ನಾಲ್ಕು ವರ್ಷ ಮನೆಮನೆ ತಿರುಗಿ, ಬೈಸಿಕೊಂಡು, ಬೇಡಿಕೊಂಡು, ಹಿಂದಿನ ಈಸ್ಟರ್‌ಗಷ್ಟೇ ಎಲ್ಲರನ್ನೂ ಕರ್ತನ ಭೋಜನಕ್ಕೆ ಒಟ್ಟಿಗೆ ಕೂರಿಸಿದ್ದ. ಈಗ ತೊಲೆಯ ಸುದ್ದಿ ಹೊರಬಿದ್ದರೆ ರೈತನ ಕಡೆಯವರು ನಗುತ್ತಾರೆ, ವ್ಯಾಪಾರಿಯ ಕಡೆಯವರು ಎದ್ದು ಹೋಗುತ್ತಾರೆ.

“ಹೊಸ ಮರ ಸಿಗುವವರೆಗೆ ಯಾರಿಗೂ ಹೇಳಬೇಡ” ಎಂದ.

“ನಾನು ಸುಮ್ಮನಿರುತ್ತೇನೆ. ಸುಮ್ಮನಿರೆಂದು ತೊಲೆಗೆ ಯಾರು ಹೇಳುತ್ತಾರೆ?” ಎಂದು ಬಡಗಿ ಏಣಿ ಎತ್ತಿಕೊಂಡು ಹೋದ.

ಪಾಲಕ ಬಾಗಿಲಿಗೆ ಬೀಗ ಹಾಕಿದ. ಮರುದಿನ ಭಾನುವಾರ, ಒಳಗೆ ಸೆಕೆ ಎಂದು ಹೇಳಿ ಅಂಗಳದ ಬೇವಿನ ಮರದಡಿ ಆರಾಧನೆ ನಡೆಸಿದ. ಜನರಿಗೆ ಅದು ಹಿಡಿಸಿತು. ವ್ಯಾಪಾರಿಯೂ ರೈತನೂ ಒಂದೇ ಚಾಪೆಯ ಮೇಲೆ ಕುಳಿತು ಹಾಡಿದರು. ಅದನ್ನು ಕಂಡ ಪಾಲಕ, ತಾನು ಬಾಯಿ ಮುಚ್ಚಿಕೊಂಡದ್ದೇ ಸರಿ ಎಂದುಕೊಂಡ.

ಆದರೆ ಚರ್ಚಿಗೆ ಇನ್ನೊಂದು ಕೀಲಿಕೈ ಇತ್ತು. ಅದು ಒಬ್ಬ ವಿಧವೆಯ ಬಳಿ ಇರುತ್ತಿತ್ತು. ಹದಿನೆಂಟು ವರ್ಷಗಳಿಂದ ಶನಿವಾರ ಶನಿವಾರ ಕಸ ಗುಡಿಸಿ, ಪೀಠದ ಬಟ್ಟೆ ಬದಲಿಸುವವಳು ಅವಳೇ. ಪಾಲಕ ಅವಳ ಮನೆಗೆ ಹೋಗಿ ಕೀಲಿಕೈ ಕೇಳಿದ. ಅವಳ ಮುಖ ಸಣ್ಣದಾಯಿತು.

“ನನ್ನಿಂದೇನಾದರೂ ತಪ್ಪಾಯಿತೇ, ಅಯ್ಯನವರೇ?”

ಅವನು ತಡವರಿಸಿದ. ನಿಜ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. “ತಪ್ಪೇನಿಲ್ಲಮ್ಮ. ಹಂಚಿನ ಕೆಲಸದಿಂದ ಒಳಗೆಲ್ಲ ಧೂಳು. ಈ ವಾರ ಹೋಗುವುದು ಬೇಡ” ಎಂದು, ಕೀಲಿಕೈಯನ್ನು ಅವಳ ಕೈಯಲ್ಲೇ ಬಿಟ್ಟು ಬಂದ.

ಶನಿವಾರ ಮಧ್ಯಾಹ್ನ ಮೊದಲ ಮಳೆ ಹೊಯ್ಯಿತು. ಹೊಸ ಮರ ಇನ್ನೂ ಬಂದಿರಲಿಲ್ಲ. ಪಾಲಕ ಮನೆಯ ಕಿಟಕಿಯಿಂದ ನೋಡಿದ. ಚರ್ಚಿನ ಬಾಗಿಲು ತೆರೆದಿತ್ತು. ಅವನು ಬರಿಗಾಲಲ್ಲೇ ಓಡಿದ. ಅವಳು ಪೀಠದ ಮುಂದೆ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಮೇಲೆ ತೊಲೆ ಕಿರುಗುಟ್ಟಿತು.

“ಅಮ್ಮಾ, ಹೊರಗೆ ಬನ್ನಿ!”

“ಇನ್ನೊಂದು ಮೂಲೆ ಉಳಿದಿದೆ, ಅಯ್ಯನವರೇ.”

ಅವನು ಹೊಸ್ತಿಲು ದಾಟುವಷ್ಟರಲ್ಲಿ ತೊಲೆ ಮುರಿಯಿತು. ಅದರ ಹಿಂದೆಯೇ ಹಂಚೆಲ್ಲ ಕುಸಿಯಿತು.

ಸದ್ದು ಕೇಳಿ ಜನ ಓಡಿ ಬಂದರು. ತೊಲೆಯ ಒಂದು ತುದಿಗೆ ವ್ಯಾಪಾರಿ, ಇನ್ನೊಂದು ತುದಿಗೆ ರೈತ ಕೈ ಹಾಕಿದರು. ಹಿಡಿದಲ್ಲೆಲ್ಲ ಮರ ಪುಡಿಯಾಗಿ ಉದುರಿತು. ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಮತ್ತೆ ಬಗ್ಗಿ ಎತ್ತಿದರು. ಹೆಂಗಸು ಬದುಕಿದ್ದಳು. ಎರಡು ಕಾಲುಗಳೂ ಜಜ್ಜಿಹೋಗಿದ್ದವು. ಅವಳನ್ನು ಮಂಚದ ಮೇಲೆ ಹೊತ್ತೊಯ್ಯುವಾಗ ಪಾಲಕ ಪಕ್ಕದಲ್ಲೇ ನಡೆದ. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಧೂಳು ಎಂದಿರಲ್ಲ, ಅಯ್ಯನವರೇ, ಅದಕ್ಕೇ ಬಂದೆ” ಎಂದಳು.

ಹೊಸ ತೊಲೆಗೆ ಮರ ಕೊಟ್ಟವನು ಮತ್ತೆ ಅದೇ ವ್ಯಾಪಾರಿ. ಜೊತೆಗೆ ಹೋಗಿ ಅದನ್ನು ತಟ್ಟಿ ನೋಡಿ ಆರಿಸಿದವನು ಅದೇ ರೈತ. ಸಭೆ ಒಡೆಯಲಿಲ್ಲ. ಅವಳು ಮಾತ್ರ ಮತ್ತೆ ಎದ್ದು ನಡೆಯಲಿಲ್ಲ.

ದಾನಿಯೇಲಪ್ಪನವರು ಕತೆ ಮುಗಿಸಿದರು. ಜೀವರತ್ನ ಕೇಳಿದ: “ಹಾಗಾದರೆ ಆ ಪಾಲಕ ಮೊದಲೇ ಹೇಳಿದ್ದರೂ ಸಭೆ ಒಡೆಯುತ್ತಿರಲಿಲ್ಲವೇ?”

“ಅದು ನನಗೆ ಗೊತ್ತಿಲ್ಲ, ನೀನು ಹೇಳದೆ ಉಳಿಸಿಕೊಂಡ ಮಾತಿನ ಕೆಳಗೆ ಈಗ ಯಾರು ಕೂತಿದ್ದಾರೆ, ಅದನ್ನು ಹೇಳು” ಎಂದರು ಗುರುಗಳು.